ಕರಿಯಪ್ಪನ ಮನರಂಜನೆ ಲೈಸೆನ್ಸು

ನಮ್ಮೂರ ಹಾಲಿನ ಡೈರಿಯ ಸೆಕ್ರೆಟರಿ ಕರಿಯಪ್ಪನಷ್ಟು ಕಾನೂನಿಗೆ ಹೆದರುವ ಮನುಷ್ಯ ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ ಇನ್ನೊಬ್ಬ ಇರಲಾರ. ಇದ್ದರೆ, ಅವನ ಹೆಂಡತಿಗೆ ನನ್ನ ಸಂತಾಪಗಳು. ಒಂದು ಬೆಳಗ್ಗೆ ತನ್ನ ಸ್ವಂತ ಹೆಂಡತಿ ಜಯಲಕ್ಷ್ಮಮ್ಮ ತಂದ ಹಾಲಿಗೆ ಲ್ಯಾಕ್ಟೋಮೀಟರು ಇಳಿಬಿಟ್ಟು, ನೀರು ಬೆರೆತಿದೆ ಎಂದು ಸಾಲಿನಲ್ಲಿ ನಿಂತವರೆಲ್ಲರ ಎದುರಿಗೇ ವಾಪಸ್ಸು ಕಳಿಸಿದ ಮಹಾನುಭಾವ ಅವನು. ಅವತ್ತು ಮನೆಯಲ್ಲಿ ಅವನಿಗೆ ಊಟ ಸಿಗಲಿಲ್ಲ. ಡೈರಿಯ ಎದುರಿಗೇ ನನ್ನ ಟೀ ಅಂಗಡಿ. ಅಲ್ಲಿಗೆ ಬಂದು ಬನ್ನು ತಿನ್ನುತ್ತಾ, "ರೂಲ್ಸು ಅಂದ್ರೆ ರೂಲ್ಸು ಕಣ್ಲಾ ಶಂಕ್ರ" ಅಂದ. ಬನ್ನಿನ ಜೊತೆಗೆ ಕಣ್ಣೀರನ್ನೂ ನುಂಗುತ್ತಿದ್ದನೋ ಏನೋ, ನಾನು ನೋಡಲು ಹೋಗಲಿಲ್ಲ.

ಈ ಭಯ ಹುಟ್ಟಿದ್ದು ರೈಲಿನಲ್ಲಿ. ಅಕ್ಕಿಹೆಬ್ಬಾಳಿನಲ್ಲಿ ಇನ್ನೂ ಸಣ್ಣ ರೈಲು ಓಡುತ್ತಿದ್ದ ಕಾಲದಲ್ಲಿ ಅವನೊಮ್ಮೆ ಆತುರಕ್ಕೆ ಟಿಕೆಟಿಲ್ಲದೆ ಹತ್ತಿದ್ದ. ಮೈಸೂರಿನಲ್ಲಿ ಹಿಡಿದು ಸಂಜೆಯವರೆಗೂ ಬೆಂಚಿನ ಮೇಲೆ ಕೂರಿಸಿದರು. ಅಲ್ಲಿಂದೀಚೆಗೆ ನೆಂಟರನ್ನು ರೈಲು ಹತ್ತಿಸಲು ಹೋದರೂ ಪ್ಲಾಟ್‌ಫಾರಂ ಟಿಕೆಟು ಕೇಳುವವ. ಇಷ್ಟು ಸಣ್ಣ ಸ್ಟೇಷನ್ನಿಗೆ ಅದೆಲ್ಲ ಯಾಕಯ್ಯಾ ಎಂದು ಸ್ಟೇಷನ್ ಮಾಸ್ತರು ಬೈದರೆ, ಬೇಲಿಯ ಈಚೆ ನಿಂತು ಕೈ ಬೀಸುವವ. ಬೋರ್ಡು ಕಂಡರೆ ನಿಂತು ಪೂರ್ತಿ ಓದುವವ. ಗೋಡೆಯ ಮೇಲೆ 'ಇಲ್ಲಿ ಮೂತ್ರ ಮಾಡಬಾರದು' ಎಂದಿದ್ದರೆ, ಇವನಿಗೆ ಬರದಿದ್ದರೂ ಅಲ್ಲಿಂದ ಸರಿದು ನಿಲ್ಲುವವ.

ಅಪ್ಪ ಜವರಯ್ಯ ಮಾತ್ರ ಇದಕ್ಕೆ ಪೂರಾ ಉಲ್ಟಾ. ಹೆಸರಿಗೆ ಬೇಸಾಯಗಾರ, ಜೀವವೆಲ್ಲ ಹೇಮಾವತಿ ಹೊಳೆಯಲ್ಲಿ. ಬೇಸಿಗೆಯಲ್ಲಿ ನೀರು ಇಳಿದು ತಿಳಿಯಾದಾಗ ಮೂರು ಹಲ್ಲಿನ ಈಟಿ ಹಿಡಿದು ಬಂಡೆಯ ಮೇಲೆ ಕೊಕ್ಕರೆಯ ಹಾಗೆ ನಿಂತನೆಂದರೆ, ಮಡುವಿನಲ್ಲಿದ್ದ ಬಾಳೆಮೀನು ಅವತ್ತು ಅವನ ಮನೆಯ ಸಾರಿಗೆ ಬಂತು ಅಂತಲೇ ಲೆಕ್ಕ. ಬಲೆ, ಗಾಳ ಎರಡನ್ನೂ ಅವನು ಕೈಯಲ್ಲಿ ಮುಟ್ಟಿದವನಲ್ಲ. ಇಂಥವನ ಒಬ್ಬನೇ ಮಗನಿಗೆ ಮೊಣಕಾಲುದ್ದ ನೀರು ಕಂಡರೂ ನಡುಕ. "ನನ್ ಮಗ ಆಲ್ನಾಗೆ ನೀರು ಉಡುಕ್ತಾನೆ. ನೀರ್ನಾಗೆ ಮೀನು ಉಡುಕ್ಲಾ ಅಂದ್ರೆ ಚಡ್ಡಿ ಒದ್ದೆ ಮಾಡ್ಕತ್ತಾನೆ" ಎಂದು ಮುದುಕ ನನ್ನ ಅಂಗಡಿಯಲ್ಲಿ ಕೂತು ಬಂದವರಿಗೆಲ್ಲ ಹೇಳುತ್ತಿದ್ದ. ಕರಿಯಪ್ಪ ಕೇಳಿಸದವನಂತೆ ಡೈರಿಯೊಳಗೆ ಕ್ಯಾನು ಎಣಿಸುತ್ತಿದ್ದ.

ಆ ವರ್ಷ, ಅಂದರೆ ತೊಂಬತ್ತಾರರಲ್ಲಿ, ಸಂಕ್ರಾಂತಿ ಕಳೆಯುತ್ತಿದ್ದ ಹಾಗೆ ಜವರಯ್ಯನಿಗೆ ಮುದ್ದೆ ಗಂಟಲಲ್ಲಿ ನಿಲ್ಲಲು ಶುರುವಾಯಿತು. ಮೈಸೂರಿನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದವರು ಕರಿಯಪ್ಪ ಮತ್ತು ನಾನು. ಡಾಕ್ಟರು ಮುದುಕನನ್ನು ಹೊರಗೆ ಕೂರಿಸಿ ನಮ್ಮನ್ನು ಒಳಗೆ ಕರೆದರು. ಆ ಕಾಯಿಲೆಯ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ, ಎಲ್ಲರಿಗೂ ಗೊತ್ತಿರುವಂಥದ್ದೇ. "ಈ ವಯಸ್ಸಿನಲ್ಲಿ ಕೊಯ್ಯೋದು ಬೇಡ. ಗಂಟಲು ಬರಬರುತ್ತಾ ಮುಚ್ಚಿಕೊಳ್ಳುತ್ತೆ. ನುಂಗೋಕೆ ಆಗೋವಾಗಲೇ ಏನು ಇಷ್ಟವೋ ಅದನ್ನ ತಿನ್ನಿಸಿಬಿಡಿ" ಅಂದರು. ಹೊರಗೆ ಬಂದಾಗ ಜವರಯ್ಯ, "ಏನಂದ್ಲಾ ಡಾಕ್ಟ್ರು?" ಎಂದು ಕೇಳಿದ. ಕರಿಯಪ್ಪ ಜನ್ಮದಲ್ಲಿ ಮೊದಲ ಸಲ ಸುಳ್ಳು ಹೇಳಿದ. "ಉಷ್ಣ ಅಂತೆ ಅಪ್ಪ. ಎಳನೀರು ಕುಡಿ ಅಂದ್ರು."

ಈ ಉಷ್ಣದ ಸುಳ್ಳು ಕಾಪಾಡಲು ಮನೆಯಲ್ಲಿ ಮಾಡಿದ ಏರ್ಪಾಡು ಒಂದೆರಡಲ್ಲ. ನಿಜ ಗೊತ್ತಿದ್ದದ್ದು ಕರಿಯಪ್ಪನಿಗೆ, ಜಯಲಕ್ಷ್ಮಮ್ಮನಿಗೆ, ನನಗೆ. ನಾಗಮಂಗಲದ ಹತ್ತಿರ ಕೊಟ್ಟಿದ್ದ ಅಕ್ಕ ಸೋಮಮ್ಮನಿಗೂ ಹೇಳಲಿಲ್ಲ. ಸೋಮಮ್ಮ ಒಳ್ಳೆಯ ಹೆಂಗಸೇ, ಆದರೆ ಅವಳಿಗೆ ಗೊತ್ತಾಯಿತೆಂದರೆ ನಾಗಮಂಗಲದ ಬಸ್‌ಸ್ಟ್ಯಾಂಡಿನಲ್ಲೇ ಎದೆ ಬಡಿದುಕೊಳ್ಳಲು ಶುರು ಮಾಡಿ, ನಮ್ಮೂರು ತಲುಪುವ ಹೊತ್ತಿಗೆ ಸುತ್ತೇಳು ಹಳ್ಳಿಗೆ ಸುದ್ದಿ ಮುಟ್ಟಿಸಿರುತ್ತಿದ್ದಳು. ನಮ್ಮ ಕಡೆ ಸಾಯುವವನ ಎದುರಿಗೆ ಸಾವಿನ ಮಾತು ಆಡುವುದಿಲ್ಲ. ಆಡಿದರೆ ಅವನನ್ನು ಮುಂದಕ್ಕೆ ತಳ್ಳಿದಂತೆ ಎಂಬ ಭಾವನೆ.

ಒಂದು ಮಧ್ಯಾಹ್ನ ಮುದುಕ ಜಗುಲಿಯ ಮೇಲೆ ಕೂತು ಗಂಜಿ ಕುಡಿಯುತ್ತಿದ್ದ. ಮುದ್ದೆ ನಿಂತು ಅನ್ನಕ್ಕೆ ಬಂದು, ಅನ್ನವೂ ನಿಲ್ಲುವ ಹಾಗಿತ್ತು. ನಾನು ಪಕ್ಕದಲ್ಲಿದ್ದೆ. ಹೊಳೆಯ ಕಡೆ ನೋಡುತ್ತಾ ಅಂದ: "ನೀರು ತಿಳಿಯಾಗಿರ್ತದೆ ಈಗ. ಬಾಳೆಮೀನಿನ ತಲೆ ಸಾರು ಉಣ್ಬೇಕು ಕಣ್ಲಾ ಕರಿಯ."

"ಸಂತೆಯಿಂದ ತತ್ತೀನಿ ಬುಡಪ್ಪ" ಅಂದ ಕರಿಯಪ್ಪ.

"ಬಲೆ ಮೀನ ಯಾವನ್ ಬೇಕಾದ್ರೂ ತತ್ತಾನೆ. ನೀನ್ ಒಡ್ದಿದ್ದು ತಿನ್ಬೇಕು. ನನ್ ಈಟಿನಾಗೆ. ಒಂದೇ ಒಂದು." ಗಂಜಿಯ ಬಟ್ಟಲು ಕೆಳಗಿಟ್ಟು, "ಉಷ್ಣ ಇಳಿದ್ ಮ್ಯಾಕಾದ್ರೂ ಸರಿ" ಅಂದ.

ಕರಿಯಪ್ಪ ಎದ್ದು ಹಿತ್ತಲಿಗೆ ಹೋದ. ನಾನು ಹಿಂದೆ ಹೋದಾಗ ಎಮ್ಮೆಯ ಬೆನ್ನಿನ ಮೇಲೆ ಕೈಯಿಟ್ಟು ನಿಂತಿದ್ದ. ಮುಖ ನೋಡಲಾಗಲಿಲ್ಲ.

ಇನ್ನು ಯಾರೇ ಆಗಿದ್ದರೂ ಅಟ್ಟದ ಮೇಲಿನ ಈಟಿ ಇಳಿಸಿ ಹೊಳೆಗೆ ನಡೆಯುತ್ತಿದ್ದರು. ಆದರೆ ಹಿಂದಿನ ವರ್ಷ ಯಾರೋ ಮಡುವಿನಲ್ಲಿ ಸಿಡಿಮದ್ದು ಹಾಕಿ ಮೀನು ಸಾಯಿಸಿದ್ದರಿಂದ ದಡದಲ್ಲಿ ಸರ್ಕಾರದವರು ಬೋರ್ಡು ನೆಟ್ಟಿದ್ದರು: 'ಪರವಾನಗಿ ಇಲ್ಲದೆ ಮೀನು ಹಿಡಿಯಕೂಡದು.' ಊರಿನವರು ಅದಕ್ಕೆ ಬಟ್ಟೆ ಒಣಹಾಕುತ್ತಿದ್ದರು. ಕರಿಯಪ್ಪ ಅದನ್ನು ಓದಿದ್ದ.

"ಯಾರ್ ನೋಡ್ತಾರೆ ಬುಡಣ್ಣ, ಬೆಳಿಗ್ಗೆ ಬಿರ್ರನೆ ಓಗಿ ಒಡ್ಕಂಬರನ" ಅಂದೆ ನಾನು.

"ಅಪ್ಪಂಗೆ ಕದ್ದಿದ್ದು ತಿನ್ಸನೇನ್ಲಾ?" ಅಂದ.

ಮಾರನೆಯ ದಿನವೇ ಅಂಗಡಿ ಮುಚ್ಚಿ ಅವನ ಜೊತೆ ಪೇಟೆಯ ಒಂದು ಕಚೇರಿಗೆ ಹೋದೆ. ಯಾವ ಕಚೇರಿ ಅಂತ ಹೇಳುವುದಿಲ್ಲ, ನಾಳೆ ನನಗೂ ಅಲ್ಲಿ ಕೆಲಸ ಬೀಳಬಹುದು. ಗುಮಾಸ್ತರು ಎಲೆ ಅಡಿಕೆ ಅಗಿಯುತ್ತಿದ್ದರು. ಒಳ್ಳೆಯ ಮನುಷ್ಯರು, ಕೂರಿ ಅಂದರು.

"ಯಾತಕ್ಕೆ? ವ್ಯಾಪಾರಕ್ಕೋ, ಮನರಂಜನೆಗೋ?"

"ತಿನ್ನಕ್ಕೆ ಸಾ."

"ತಿನ್ನೋದು ಇಲ್ಲಿ ಬರಲ್ಲ ಕಣ್ರೀ. ಕಾಲಂ ಇರೋದೇ ಎರಡು. ಮಾರೋದಾದ್ರೆ ವ್ಯಾಪಾರ, ಮಾರದೇ ಇದ್ರೆ ಮನರಂಜನೆ."

"ಮನರಂಜನೆ ಅಂದ್ರೆ ಸಾ?"

"ಮೋಜು. ಖುಷಿಗೋಸ್ಕರ. ದೊಡ್ಡ ದೊಡ್ಡೋರು ಟೋಪಿ ಹಾಕ್ಕೊಂಡು ಕಾವೇರಿ ದಂಡೇಲಿ ಗಾಳ ಹಿಡಿದು ಕೂರಲ್ವೇ, ಹಾಗೆ. ನಿಮ್ಮದು ಗಾಳವೇ ತಾನೆ?"

"ಈಟಿ ಸಾ."

ಗುಮಾಸ್ತರು ಅಗಿಯುವುದನ್ನು ನಿಲ್ಲಿಸಿದರು. ಮೇಲೆ ಕೆಳಗೆ ನೋಡಿದರು. ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಬಗಲಲ್ಲಿ ಛತ್ರಿ. "ಈಟೀಲಿ ಚುಚ್ಚಿ ಖುಷಿ ಪಡೋರು ನನ್ನ ಸರ್ವೀಸಿನಲ್ಲಿ ನೀವೇ ಮೊದಲು" ಅಂದು, ದನಿ ತಗ್ಗಿಸಿ ಕೇಳಿದರು: "ಏನಾದ್ರೂ ವಿಶೇಷ ಕಾರಣ ಇದ್ಯಾ? ಮನೇಲಿ ಕಾಯಿಲೆ ಗೀಯಿಲೆ? ಇದ್ರೆ ಬರೀರಿ, ಸಾಹೇಬ್ರು ಇವತ್ತೇ ಸೈನು ಹಾಕ್ತಾರೆ. ಇಲ್ದಿದ್ರೆ ಶ್ರೀರಂಗಪಟ್ಟಣಕ್ಕೆ ಹೋಗಬೇಕು, ಸ್ಥಳ ತನಿಖೆ ಆಗಬೇಕು, ಸಿಕ್ಕಾಪಟ್ಟೆ ತಡ ಆಗುತ್ತೆ."

ಕರಿಯಪ್ಪನ ಪೆನ್ನು ಕಾಗದದ ಮೇಲೆ ನಿಂತುಬಿಟ್ಟಿತು. ನಾನು ಕಣ್ಣಿನಲ್ಲೇ 'ಬರಿಯೋ ಮಾರಾಯ' ಅಂದೆ. ಅವನು ನನ್ನನ್ನು ನೋಡಿದ, ಗುಮಾಸ್ತರನ್ನು ನೋಡಿದ, ಕಿಟಕಿ ನೋಡಿದ.

"ಎಲ್ಲಾ ಸಂದಾಗವ್ರೆ ಸಾ" ಅಂದ. ಆಮೇಲೆ ಮುದ್ದಾದ ಅಕ್ಷರದಲ್ಲಿ ಉದ್ದೇಶ ಎಂಬ ಜಾಗದಲ್ಲಿ 'ಮನರಂಜನೆ' ಎಂದು ಬರೆದ.

ಹೊರಗೆ ಬಂದ ಮೇಲೆ ನಾನು ಚೆನ್ನಾಗಿ ಬೈದೆ. "ನಿಂಗೇನ್ ತಲೆ ಕೆಟ್ಟದಾ ಕರಿಯಣ್ಣ? ಇವತ್ತೇ ಕೊಡ್ತಿದ್ರಲ್ಲ!"

"ಅಪ್ಪ ಸಾಯ್ತಾವ್ನೆ ಅಂತ ನನ್ ಕೈನಾಗೆ ಬರೀನೇನ್ಲಾ? ಆ ಕಾಗ್ದ ತಕ್ಕಂಡು ನಾಳೆ ಯಾವನೋ ಊರಿಗ್ ಬತ್ತಾನೆ, ನಿನ್ ಅಂಗ್ಡಿ ತಾವ ನಿಂತ್ಕಂಡು ಓದ್ತಾನೆ. ಅಪ್ಪನ್ ಕಿವಿಗ್ ಬೀಳಕ್ಕೆ ಎಷ್ಟೊತ್ತು? ಉಷ್ಣ ಅಂದ್ಕಂಡವ್ನೆ, ಅಂದ್ಕಂಡಿರ್ಲಿ ಬುಡು."

ಶ್ರೀರಂಗಪಟ್ಟಣದ ಸಾಹೇಬರು ಆಯುಧವನ್ನು ಖುದ್ದಾಗಿ ನೋಡಬೇಕು ಎಂದು ಹೇಳಿ ಕಳಿಸಿದ್ದರು. ಅಪ್ಪ ಮಲಗಿದ್ದಾಗ ಅಟ್ಟದಿಂದ ಈಟಿ ಇಳಿಸಿ, ಅದರ ಹಲ್ಲಿಗೆ ಜಯಲಕ್ಷ್ಮಮ್ಮನ ಹಳೆಯ ಸೀರೆ ಸುತ್ತಿಕೊಂಡು ಹೊರಟೆವು. ಕಂಬದುದ್ದದ ಬಿದಿರು ಬಸ್ಸಿನೊಳಗೆ ನೆಟ್ಟಗೆ ನಿಲ್ಲದೆ ಒಂದು ತುದಿ ಕಿಟಕಿಯಿಂದಾಚೆ, ಇನ್ನೊಂದು ತುದಿ ಡ್ರೈವರನ ಕಿವಿಯ ಹತ್ತಿರ. ಸೀರೆ ಜಾರಿ ಹಲ್ಲು ಕಾಣಿಸಿದಾಗ ಸುತ್ತಲಿನವರು ಎದ್ದು ಹಿಂದಕ್ಕೆ ಹೋದರು. ಆ ರೂಟಿನಲ್ಲಿ ನಾನು ಕೂತು ಪ್ರಯಾಣ ಮಾಡಿದ್ದು ಅದೇ ಮೊದಲು. ಪಾಂಡವಪುರದಲ್ಲಿ ಒಬ್ಬ ಪೊಲೀಸಪ್ಪ ಹತ್ತಿದ.

"ಏನಯ್ಯಾ ಇದು? ಯಾರನ್ನ ಮುಗ್ಸಕ್ಕೆ ಹೊರಟಿದ್ದೀಯಾ?"

ಕರಿಯಪ್ಪ ಎದ್ದು ನಿಂತು ಕೈಮುಗಿದು, "ಮನರಂಜನೆ ಸಾ" ಅಂದ.

ಪೊಲೀಸಪ್ಪ ಅವನ ಮುಖವನ್ನು ದಿಟ್ಟಿಸಿ ನೋಡಿ, ಮುಂದಿನ ಬಾಗಿಲಿನ ಹತ್ತಿರ ಹೋಗಿ ನಿಂತುಕೊಂಡ. ಶ್ರೀರಂಗಪಟ್ಟಣ ಬರುವವರೆಗೂ ಈ ಕಡೆ ತಿರುಗಲಿಲ್ಲ.

ಸಾಹೇಬರು ವಯಸ್ಸಾದವರು, ನಗುಮುಖದವರು. ಕಚೇರಿಯ ಅಂಗಳಕ್ಕೆ ಬಂದು ಈಟಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಹೊಳೆಯಲ್ಲಿ ಜನ ಸ್ನಾನ ಮಾಡ್ತಾರೆ, ದನ ಇರ್ತಾವೆ. ಗುರಿ ಇದೆಯೇನಪ್ಪಾ? ಎಲ್ಲಿ, ಆ ಬೇವಿನ ಮರದ ಬುಡಕ್ಕೆ ಒಂದು ಹೊಡಿ" ಅಂದರು. ಕರಿಯಪ್ಪ ಕಚ್ಚೆ ಬಿಗಿದ, ಮನೆದೇವರನ್ನು ನೆನೆದ, ಕಣ್ಣು ಮುಚ್ಚಿ ಬೀಸಿದ. ಈಟಿ ಬೇವಿನ ಮರವನ್ನು ಬಲಕ್ಕೆ ಬಿಟ್ಟು ಸಾಹೇಬರ ಜೀಪಿನ ಹಿಂದಿನ ಚಕ್ರದಲ್ಲಿ ನೆಟ್ಟುಕೊಂಡಿತು. ಗಾಳಿ ಹೋಗುವ ಸದ್ದು ಮುಗಿಯುವವರೆಗೆ ಯಾರೂ ಉಸಿರೆತ್ತಲಿಲ್ಲ.

ನಾನು ಓಡಲು ದಾರಿ ನೋಡುತ್ತಿದ್ದೆ. ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಈ ಮನುಷ್ಯನಿಂದ ಮೀನುಗಳಿಗೆ ಯಾವ ಅಪಾಯವೂ ಇಲ್ಲ. ಸ್ಥಳ ತನಿಖೆ ಆಗಲಿ, ಕೊಟ್ಟುಬಿಡೋಣ" ಎಂದು ಷರಾ ಬರೆದರು. ಕರಿಯಪ್ಪ ಆ ಚಕ್ರವನ್ನು ತಾನೇ ಉರುಳಿಸಿಕೊಂಡು ಹೋಗಿ ಪಂಕ್ಚರ್ ಹಾಕಿಸಿಕೊಂಡು ಬಂದ.

ಅಲ್ಲಿಂದ ಶುರುವಾಯಿತು ಅಭ್ಯಾಸ. ಹಿತ್ತಲಿನ ನೀರಿನ ತೊಟ್ಟಿಯಲ್ಲಿ ಕುಂಬಳಕಾಯಿ ತೇಲಿಬಿಟ್ಟು, ಡೈರಿ ಮುಗಿದ ಕೂಡಲೇ ಚುಚ್ಚುತ್ತಾ ನಿಲ್ಲುತ್ತಿದ್ದ. ಕುಂಬಳಕಾಯಿಗೆ ಗಾಯವಾಗಲಿಲ್ಲ. ಕೈಜಾರಿ ಬೇಲಿ ದಾಟಿದ ಈಟಿಗೆ ಪಕ್ಕದ ಮನೆಯ ಚಿಕ್ಕಬೋರಮ್ಮನ ಹೊಸ ಪ್ಲಾಸ್ಟಿಕ್ ಬಕೆಟ್ಟು ಮಾತ್ರ ಮೂರು ತೂತು ಬಿದ್ದು ಸತ್ತಿತು. "ಏನ್ ಬಂದದೋ ನಿಂಗೆ, ಕಣ್ ಕಾಣಕಿಲ್ವಾ?" ಎಂದು ಅವಳು ಬೇಲಿ ಹಾರಿ ಬರುವುದೊಂದು ಬಾಕಿ. ಯಾಕೆ ಹೀಗೆ ಚುಚ್ಚುತ್ತಿದ್ದಾನೆ ಎಂದು ಕೇಳಿದವರಿಗೆಲ್ಲ ಅವನು, "ಸುಮ್ಕೆ" ಅನ್ನುತ್ತಿದ್ದ. ಒಳಗೆ ಮುದುಕ ಅನ್ನ ಬಿಟ್ಟು ಗಂಜಿಗೆ, ಗಂಜಿ ಬಿಟ್ಟು ತಿಳಿಗೆ ಬಂದಿದ್ದ.

ಸ್ಥಳ ತನಿಖೆಗೆ ಚಿಕ್ಕಸ್ವಾಮಿ ಎಂಬಾತ ಲೂನಾ ಗಾಡಿಯಲ್ಲಿ ಬಂದ. ನೇರವಾಗಿ ನನ್ನ ಅಂಗಡಿಗೇ ಬಂದು, ಹಾಲು ಹಾಕಲು ಬಂದ ಊರೆಲ್ಲ ಅಲ್ಲೇ ನಿಂತಿದ್ದಾಗ, ಕಾಗದ ಬಿಡಿಸಿ ಗಟ್ಟಿಯಾಗಿ ಓದಿದ: "ಜವರಯ್ಯನ ಮಗ ಕರಿಯಪ್ಪ ಎಂಬುವವರು ಮನರಂಜನೆಗಾಗಿ, ಅಂದರೆ ಮೋಜಿಗಾಗಿ, ಹೊಳೆಯಲ್ಲಿ ಈಟಿಯಿಂದ ಮೀನು ಚುಚ್ಚಲು ಅನುಮತಿ ಕೋರಿರುತ್ತಾರೆ. ಇವರ ನಡತೆ ಹೇಗೆ? ಮನೆಯಲ್ಲಿ ಇವರಿಗೆ ಬೇರೆ ಮನರಂಜನೆ ಇಲ್ಲವೇ?"

ಊರು ಗರಬಡಿದ ಹಾಗೆ ನಿಂತಿತು. ಮೊದಲು ಬಾಯಿ ಬಿಟ್ಟವಳು ಚಿಕ್ಕಬೋರಮ್ಮ.

"ಅಯ್ಯೋ ನನ್ ಸಿವನೇ! ಎತ್ತಪ್ಪ ನೀರು ನುಂಗಕ್ಕಾಗ್ದೆ ಬಿದ್ದವ್ನೆ, ಇವ್ನಿಗೆ ಮೋಜ್ ಕೇಡು! ಅದ್ಕೂ ಸರ್ಕಾರದ ಕಾಗ್ದ ಬೇರೆ! ನನ್ ಬಕೀಟು ಯಾಕ್ ತೂತಾಯ್ತು ಅಂತ ಈಗ್ ಗೊತ್ತಾಯ್ತು ನೋಡ್ರವ್ವ!"

"ಮೇಲ್ನೋಟಕ್ಕೆ ಸಾಧು ಮನುಷ್ಯ ಕಣ್ರಪ್ಪ, ಒಳಗೆ ಏನೇನೈತೋ" ಅಂದ ಹಿಂದಿನಿಂದ ದ್ಯಾವಯ್ಯ. ಒಂದು ಸಲ ಅವನ ಹಾಲೂ ವಾಪಸ್ಸಾಗಿತ್ತು.

ನಾನು ಬಾಯಿ ತೆರೆದೆ. ಡೈರಿಯ ಬಾಗಿಲಲ್ಲಿ ನಿಂತಿದ್ದ ಕರಿಯಪ್ಪ ಬೇಡ ಎಂದು ತಲೆಯಾಡಿಸಿದ. ಕಣ್ಣಿನಲ್ಲೇ ಕೈಮುಗಿದ. ನಾನು ಬಾಯಿ ಮುಚ್ಚಿಕೊಂಡು ಚಿಕ್ಕಸ್ವಾಮಿಗೆ ಟೀ ಕೊಟ್ಟೆ. ಅಂದಿನಿಂದ ಹಾಲು ಹಾಕಲು ಬಂದವರೆಲ್ಲ, "ಏನ್ ಸೆಕ್ರೆಟ್ರಿ, ಇವತ್ತೇನ್ ಮನರಂಜನೆ?" ಎಂದು ಕೇಳಿಯೇ ಹೋಗುವುದು ವಾಡಿಕೆಯಾಯಿತು. ಅವನು ತಲೆ ತಗ್ಗಿಸಿ ಹಾಲಿನ ಡಿಗ್ರಿ ಬರೆದುಕೊಳ್ಳುತ್ತಿದ್ದ.

ಸುದ್ದಿ ನಾಗಮಂಗಲಕ್ಕೆ ಮುಟ್ಟಲು ಎಷ್ಟು ಹೊತ್ತು? ಸೋಮಮ್ಮ ಒಂದು ಕೈಯಲ್ಲಿ ಬ್ರೆಡ್ಡು, ಇನ್ನೊಂದರಲ್ಲಿ ಕಿತ್ತಳೆ ಹಣ್ಣು ಹಿಡಿದು ಬಂದಿಳಿದಳು. ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದಳು.

"ಎಲ್ಲಲಾ ಅವ್ನು, ಮೋಜುಗಾರ? ಅಪ್ಪ ಅಟ್ಟಿನಾಗೆ ಕಡ್ಡಿ ಆಗಿ ಮಲ್ಗವ್ನೆ, ನೀನು ಲೈಸೆನ್ಸ್ ಮಾಡ್ಸ್ಕಂಡು ಮೀನ್ ಚುಚ್ಚಿ ಕುಣಿಯಕ್ಕೆ ಓಗ್ತೀಯಾ? ನನ್ ಗಂಡನ್ ಮನೇನಾಗೆ ಮೊಕ ಎತ್ಕಂಡ್ ತಿರ್ಗಂಗಿಲ್ಲ ಕಣ್ಲಾ! 'ನಿನ್ ತಮ್ಮಂಗೆ ಭಾರಿ ಶೋಕಿ ಅಂತಲ್ಲ' ಅಂತಾವ್ರೆ ನಮ್ಮತ್ತೆ!"

ಇಷ್ಟೂ ಅಪ್ಪನ ಮಂಚದ ಪಕ್ಕದಲ್ಲೇ ನಡೆಯಿತು. ಕರಿಯಪ್ಪ ಗೋಡೆಗೆ ಒರಗಿ ನಿಂತಿದ್ದ. ಜಯಲಕ್ಷ್ಮಮ್ಮ ತಡೆಯಲಾರದೆ, "ಅತ್ಗೆ, ಅದು ಅಂಗಲ್ಲ, ಅವ್ರು…" ಅಂದಳು. "ನೀನ್ ಸುಮ್ಕಿರು" ಎಂದು ಗಂಡ ಗದರಿದ. ಅವನು ಅವಳಿಗೆ ಗದರಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

"ಏನಲಾ, ಬಾಯಿಲ್ವಾ? ಯಾಕ್ ಬೇಕು ನಿಂಗೆ ಮೀನು ಈಗ?"

"ಆಸೆ ಆಯ್ತು ಅಕ್ಕ" ಅಂದ ಕರಿಯಪ್ಪ.

"ಥೂ!" ಅಂದಳು ಸೋಮಮ್ಮ. ಕಿತ್ತಳೆ ಹಣ್ಣಿನ ಚೀಲವನ್ನು ನೆಲಕ್ಕೆ ಬಿಟ್ಟಳು. ಹಣ್ಣುಗಳು ಮಂಚದ ಕೆಳಗೆಲ್ಲ ಉರುಳಿದವು. ಕರಿಯಪ್ಪ ಮೊಣಕಾಲೂರಿ ಅವನ್ನು ಒಂದೊಂದಾಗಿ ಹೆಕ್ಕಿದ. ಹೆಕ್ಕುವಷ್ಟು ಹೊತ್ತೂ ಜವರಯ್ಯ ಮಗನನ್ನೇ ನೋಡುತ್ತಿದ್ದ. ಮಾತು ಆಗಲೇ ಪಿಸುಗುಟ್ಟುವಷ್ಟಕ್ಕೆ ಬಂದಿತ್ತು.

ಲೈಸೆನ್ಸು ಬಂದದ್ದು ಯುಗಾದಿಗೆ ಸ್ವಲ್ಪ ಮುಂಚೆ. ಎಂಥ ಕಾಗದ ಅಂತೀರಿ! ಪರವಾನಗಿದಾರನು ಸದರಿ ಮನರಂಜನೆಯನ್ನು ಹಗಲು ಹೊತ್ತಿನಲ್ಲಿಯೇ ಮಾಡತಕ್ಕದ್ದು, ಸದರಿ ಮನರಂಜನೆಯಿಂದ ಇತರರ ಶಾಂತಿಗೆ ಭಂಗ ಬರಕೂಡದು ಎಂದು ಷರತ್ತುಗಳು, ಕೆಳಗೆ ದುಂಡನೆಯ ಮೊಹರು. ಅದು ಕೈಗೆ ಬಂದ ಬೆಳಗ್ಗೆ ಜಯಲಕ್ಷ್ಮಮ್ಮ ಚಮಚದಲ್ಲಿ ಎಳನೀರು ಕೊಟ್ಟರೆ ಅರ್ಧ ಹೊರಗೇ ಬಂದಿತ್ತು. ಕರಿಯಪ್ಪ ಕಾಗದವನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಬನಿಯನ್ನಿನೊಳಗೆ ಇಟ್ಟುಕೊಂಡು, ಈಟಿ ಹೆಗಲಿಗೇರಿಸಿ ಹೊರಟ. ನಾನು ಹಿಂದೆ. ನಮ್ಮ ಹಿಂದೆ ಊರು. ಸೆಕ್ರೆಟರಿಯ ಮನರಂಜನೆ ನೋಡಲು ಯಾರು ಬಿಡುತ್ತಾರೆ? ಚಿಕ್ಕಬೋರಮ್ಮ ಒಲೆ ಆರಿಸಿ ಬಂದಿದ್ದಳು.

ದಡದ ಬೋರ್ಡಿನ ಮುಂದೆ ಅವನು ನಿಂತ. ಬೋರ್ಡಿನ ಮೇಲೆ ಯಾರದೋ ಲಂಗ ಒಣಗುತ್ತಿತ್ತು. ಅದನ್ನು ಸರಿಸಿ, ಲೈಸೆನ್ಸು ತೆಗೆದು ಬೋರ್ಡಿಗೆ ತೋರಿಸಿ, ಮತ್ತೆ ಒಳಗಿಟ್ಟುಕೊಂಡ. ಜನ ಕೇಕೆ ಹಾಕಿದರು.

ಮಡುವಿನ ಬಂಡೆಯನ್ನು ಅವನು ಮಗುವಿನ ಹಾಗೆ ಅಂಬೆಗಾಲಿಟ್ಟು ಹತ್ತಿದ. ಮೊದಲ ಸಲ ಹೊಡೆದ, ನೀರು ಚಿಮ್ಮಿತು. ಮತ್ತೆ ಹೊಡೆದ, ಕಲ್ಲಿಗೆ ತಾಗಿತು. ಮತ್ತೆ ಹೊಡೆಯಲು ಹೋಗಿ ಜಾರಿ, ಈಟಿ ಸಮೇತ ಮಡುವಿಗೇ ಬಿದ್ದ. "ಮೀನೇ ಇವ್ನ ಇಡ್ಕತ್ತದೆ ನೋಡ್ರಲಾ!" ಎಂದು ದ್ಯಾವಯ್ಯ ಕೂಗಿದ. ನಗು ಆಚೆ ದಡಕ್ಕೆ ಹೊಡೆದು ತಿರುಗಿ ಬಂತು. ನಾನು ನೀರಿಗಿಳಿದು ಅವನ ಕೈ ಹಿಡಿದು ಎಳೆದೆ. "ಬುಡಣ್ಣ, ನಾನ್ ಒಡೀತೀನಿ, ನೀನ್ ಒಡ್ದೆ ಅಂತ ಯೋಳನ" ಅಂದೆ. ನನ್ನ ಕೈ ಕೊಡವಿ ಮತ್ತೆ ಬಂಡೆ ಹತ್ತಿದ. ಮುಖದಿಂದ ಇಳಿಯುತ್ತಿದ್ದದ್ದೆಲ್ಲ ಹೊಳೆಯ ನೀರೇ ಅಲ್ಲ ಎಂದು ಗೊತ್ತಾಗುವಷ್ಟು ಹತ್ತಿರದಲ್ಲಿ ನಾನೊಬ್ಬನೇ ಇದ್ದೆ.

ಬಿಸಿಲು ನೆತ್ತಿಗೆ ಬಂತು. ನಕ್ಕು ಸುಸ್ತಾದವರು ಮನೆಗೆ ಹೊರಟರು. ಆಮೇಲೆ ಅದು ಹೇಗಾಯಿತೋ ಹೇಳಲಾರೆ. ಒಮ್ಮೆ ಈಟಿ ನೀರಿಗೆ ಹೋದದ್ದು ವಾಪಸ್ಸು ಬರಲಿಲ್ಲ. ಬಿದಿರು ಅವನ ಕೈಯಲ್ಲಿ ಜೀವ ಬಂದ ಹಾಗೆ ಒದ್ದಾಡಿತು. "ಶಂಕ್ರಾ!" ಎಂದು ಕಿರುಚಿದ. ಹೆದರಿ ಕಿರುಚಿದ್ದೇ. ಎಳೆದು ನೋಡಿದರೆ ತೋಳುದ್ದದ ಬಾಳೆಮೀನು, ಕತ್ತಿನ ಹತ್ತಿರ ಈಟಿ ನೆಟ್ಟಗೆ ನಾಟಿತ್ತು. ಅವನು ಅದನ್ನು ಎದೆಗೆ ಅವುಚಿಕೊಂಡು ಓಡಿದ. ಆ ವಯಸ್ಸಿನ, ಆ ಹೊಟ್ಟೆಯ ಮನುಷ್ಯ ಹಾಗೆ ಓಡಿದ್ದನ್ನು ನಾನು ಮತ್ತೆ ಕಾಣಲಿಲ್ಲ.

ಮಂಚದ ಪಕ್ಕದಲ್ಲಿ ಸೋಮಮ್ಮ ಮುಖ ತಿರುಗಿಸಿ ಕೂತಿದ್ದಳು. ಕರಿಯಪ್ಪ ಮೀನನ್ನು ಅಪ್ಪನ ಎದೆಯ ಮೇಲೆ ಟವೆಲು ಹಾಸಿ ಇಟ್ಟ. ಜವರಯ್ಯ ಅದರ ಗಾಯದ ಮೇಲೆ ಬೆರಳಾಡಿಸಿದ.

"ನೀನೇ ಒಡ್ದ್ಯಾ?"

"ಊ ಅಪ್ಪ."

"ಎಲ್ಲಿ, ಆ ಕಾಗ್ದ ತೋರ್ಸು." ಕರಿಯಪ್ಪ ಒದ್ದೆ ಕವರಿನಿಂದ ಲೈಸೆನ್ಸು ತೆಗೆದ. ಮುದುಕನಿಗೆ ಓದಲು ಬಾರದು. "ಏನಂತ ಬರ್ದವ್ರೆ ಇದ್ರಾಗೆ?"

"ಮನರಂಜನೆ ಅಂತ."

ಮುದುಕನ ಹೊಟ್ಟೆ ಕುಲುಕಿತು. ಸದ್ದಿಲ್ಲದೆ ನಗುತ್ತಿದ್ದ. ಕೈಸನ್ನೆ ಮಾಡಿ ಮಗನನ್ನು ಬಾಗಿಸಿ ಪಿಸುಗುಟ್ಟಿದ್ದು, ಮಂಚದ ಸುತ್ತ ಇದ್ದ ನಮಗಷ್ಟೇ ಕೇಳಿಸಿತು.

"ಸಾಯೋ ಅಪ್ಪಂಗೆ ಅಂತ ಬರ್ಯದಲ್ವೇನ್ಲಾ ದಡ್ಡ? ಅವತ್ತೇ ಕೊಡ್ತಿದ್ರು. ಅವತ್ತಾಗಿದ್ರೆ ನುಂಗ್ತಿದ್ದೆ."

ಸೋಮಮ್ಮ ತಿರುಗಿ ನೋಡಿದಳು. ಅಪ್ಪನನ್ನು, ತಮ್ಮನನ್ನು, ಜಯಲಕ್ಷ್ಮಮ್ಮನನ್ನು. ನಾಗಮಂಗಲದವರೆಗೆ ಕೇಳಿಸುವಂತೆ ಅಳುತ್ತಾಳೆ ಎಂದು ನಾವೆಲ್ಲ ಹೆದರಿದ್ದ ಆ ಹೆಂಗಸು ಸೆರಗನ್ನು ಬಾಯಿಗೆ ತುರುಕಿಕೊಂಡು ಗೋಡೆಗೆ ಒರಗಿಬಿಟ್ಟಳು. ಒಂದು ಸಣ್ಣ ಸದ್ದೂ ಬರಲಿಲ್ಲ.

"ಯಾರಪ್ಪ ಸಾಯೋರು? ಉಷ್ಣ ಅಷ್ಟೇಯ" ಅಂದ ಕರಿಯಪ್ಪ. ದನಿ ಒಡೆದಿತ್ತು.

"ಊ ಕಣ್ಲಾ, ಉಷ್ಣ" ಅಂದ ಜವರಯ್ಯ.

ಜಯಲಕ್ಷ್ಮಮ್ಮ ಸಾರು ಮಾಡಿ ತಂದಳು. ಮನೆಯೆಲ್ಲ ಹುಳಿಯ ಘಮಲು. ಚಮಚದಲ್ಲಿ ಬರೀ ಸಾರನ್ನು ತುಟಿಗೆ ಹಿಡಿದರೆ ಒಳಗೆ ಹೋಗಲಿಲ್ಲ, ಬಾಯಿಯ ಕೊನೆಯಿಂದ ಇಳಿದು ದಿಂಬಿಗೆ ಬಿತ್ತು. ಮತ್ತೊಮ್ಮೆ ಹಿಡಿದಳು. ಅದೂ ಇಳಿಯಿತು. ಮುದುಕನ ಕಣ್ಣಿನಲ್ಲಿ ನೀರು ನಿಂತಿತು. ಮಗನ ಕಡೆ ಬೆರಳು ತೋರಿಸಿ, "ನೀನ್ ಉಣ್ಲಾ. ನಾನ್ ನೋಡ್ತೀನಿ" ಅಂದ.

"ನನ್ ಕೈಲಿ ಆಗಕಿಲ್ಲಪ್ಪ."

"ಉಣ್ಲಾ."

ಕರಿಯಪ್ಪ ಮಂಚದ ಪಕ್ಕ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತ. ತಟ್ಟೆಯಲ್ಲಿ ಮುದ್ದೆ, ಮೀನಿನ ತಲೆ. ಒಂದು ತುತ್ತು ಬಾಯಿಗಿಟ್ಟ. ಜವರಯ್ಯ ಅವನ ಬಾಯಿಯನ್ನೇ ನೋಡುತ್ತಿದ್ದ. ಮಗ ಅಗಿದರೆ ಅಪ್ಪನ ದವಡೆಯೂ ಅಲ್ಲಾಡುತ್ತಿತ್ತು. ಅಷ್ಟರಲ್ಲಿ ಘಮಲಿಗೆ ಬಂದವರೋ, ಸುದ್ದಿಗೆ ಬಂದವರೋ, ಬಾಗಿಲಲ್ಲಿ ಜನ ಸೇರಿದ್ದರು. ಅವರಿಗೆ ಕಂಡದ್ದು ಇಷ್ಟೇ: ನೀರು ಇಳಿಯದ ಅಪ್ಪನ ಮುಂದೆ ತಟ್ಟೆ ಇಟ್ಟುಕೊಂಡು ಮಗ ಬಾಳೆಮೀನು ಉಣ್ಣುತ್ತಿದ್ದಾನೆ. "ನೋಡ್ರವ್ವ, ನೋಡ್ರಿ! ಕಣ್ಣಾರ ನೋಡ್ರಿ!" ಎಂದು ಚಿಕ್ಕಬೋರಮ್ಮ ಲಟಿಕೆ ಮುರಿದಳು. ನಮ್ಮೂರಿನಲ್ಲಿ ಇವತ್ತಿಗೂ ಕರಿಯಪ್ಪನ ಮಾತು ಬಂದರೆ ಅದನ್ನೇ ಹೇಳುತ್ತಾರೆ. ಅವನು ಯಾರಿಗೂ ತಿದ್ದಿ ಹೇಳಲಿಲ್ಲ, ನಮಗೂ ಹೇಳಗೊಡಲಿಲ್ಲ. ನನಗೆ ಮಾತ್ರ ಆ ಜನರ ಮೇಲಿನ ಸಿಟ್ಟು ಈ ಜನ್ಮದಲ್ಲಿ ಇಳಿಯುವುದಿಲ್ಲ.

ಕರಿಯಪ್ಪನಿಗೆ ಬಾಗಿಲಿನ ಕಡೆ ಗಮನವೇ ಇರಲಿಲ್ಲ. ಕಣ್ಣೀರು ತುಂಬಿ ತಟ್ಟೆ ಕಾಣದೆ, ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದ. ಜವರಯ್ಯ ಮಂಚದಿಂದ ಕೈ ಚಾಚಿ ಅವನ ತಲೆ ಮುಟ್ಟಿದ.

"ಮುಳ್ಳು ನೋಡ್ಕಂಡ್ ಉಣ್ಲಾ, ಮಗ" ಅಂದ.

ಅದೇ ಅವನು ಆಡಿದ ಕಡೆಯ ಮಾತು. ಕರಿಯಪ್ಪ ಕಣ್ಣೊರೆಸಿಕೊಂಡು, ಮುಳ್ಳು ಬಿಡಿಸಿ ತಟ್ಟೆಯ ಅಂಚಿಗಿಟ್ಟು, ನಿಧಾನವಾಗಿ ಉಂಡ.